ಎಡತುದಿ ಜೋತುಬಿದ್ದ ಹಸಿರು ಪರದೆ

ನನಗೆ ಹೋಗಬೇಕೆಂದಿದ್ದದ್ದು ಇಟಲಿಗೆ. ಕರಾವಳಿಯ ಒಂದು ಲಾ ಕಾಲೇಜಿನಲ್ಲಿ ಮೂವತ್ತು ವರ್ಷ ಕಾನೂನಿನ ಚರಿತ್ರೆ ಪಾಠ ಮಾಡಿದವಳು ನಾನು. ಬೊಲೊನ್ಯಾ ಎಂಬ ಊರಿನ ಹಳೆಯ ವಿಶ್ವವಿದ್ಯಾಲಯದ ಬಗ್ಗೆ, ಅಲ್ಲಿ ಏಳೆಂಟು ನೂರು ವರ್ಷಗಳ ಹಿಂದೆ ಕಾನೂನು ಬೋಧಿಸಿದರೆಂದು ಹೇಳಲಾಗುವ ಹೆಂಗಸರ ಬಗ್ಗೆ, ಅಲ್ಲೇ ಪಕ್ಕದ ಬೀದಿಯಲ್ಲಿ ಹುಟ್ಟಿ ಬೆಳೆದವಳ ಹಾಗೆ ಮಾತಾಡಬಲ್ಲೆ. ಆದರೆ ನಿವೃತ್ತಿಯಾಗಿ ಐದು ವರ್ಷ ಕಳೆದರೂ ನನ್ನ ಪಾಸ್‌ಪೋರ್ಟಿನಲ್ಲಿ ಒಂದು ಮುದ್ರೆಯೂ ಬಿದ್ದಿರಲಿಲ್ಲ. ಕೊನೆಗೂ ಬಿದ್ದದ್ದು ಒಮಾನಿನದು. ಮಸ್ಕತ್ತಿನ ಕನ್ನಡ ಮಹಿಳೆಯರ ಬಳಗವೊಂದು, ಇಟಲಿಯ ಆ ಹೆಂಗಸರ ಬಗ್ಗೆಯೇ ಮಾತಾಡಿ ಎಂದು ನನ್ನನ್ನು ಕರೆದಿತ್ತು. ಉಡುಪಿಗೆ ಹೊರಟವಳನ್ನು ಕಾರ್ಕಳದ ಬಸ್ಸಿಗೆ ಹತ್ತಿಸಿದ ಹಾಗಾಯಿತು. ಆದರೂ ಹತ್ತಿದೆ.

ಕರೆಸಿದವಳು ರೇವತಿ, ಇಪ್ಪತ್ತು ವರ್ಷಗಳ ಹಿಂದಿನ ನನ್ನ ವಿದ್ಯಾರ್ಥಿನಿ. ಕೊನೆಯ ಪರೀಕ್ಷೆಗೆ ಮೂರು ತಿಂಗಳಿರುವಾಗ ಮದುವೆಯಾಗಿ, ಪದವಿಯನ್ನು ಅಲ್ಲಿಗೇ ಬಿಟ್ಟು ಮಸ್ಕತ್ತಿಗೆ ಹೋದವಳು. ಫೋನಿನಲ್ಲಿ ಅವಳ ಸ್ವರ ಕೇಳಿ ಖುಷಿಯಾಯಿತು ಎಂದರೆ ಸುಳ್ಳಾಗುತ್ತದೆ. ಕಾರಣವನ್ನು ಇಲ್ಲೇ ಹೇಳಿಬಿಡುತ್ತೇನೆ, ಆಮೇಲೆ ಮುಚ್ಚಿಟ್ಟಳು ಎಂಬ ಮಾತು ಬೇಡ. ಇಟಲಿಯ ಆ ಹೆಂಗಸರ ಪಾಠ ನನ್ನದಲ್ಲ, ರೇವತಿಯದು.

ಆ ವರ್ಷ ನನ್ನ ಗಂಟಲಿನಲ್ಲಿ ಗಂಟಾಗಿ ಆಪರೇಷನ್ ಆಯಿತು. ಎರಡು ತಿಂಗಳು ತುಟಿ ಬಿಚ್ಚಬಾರದು ಎಂದರು ಡಾಕ್ಟರು. ನನ್ನ ಬಾಯಿ ಮುಚ್ಚಿಸಲು ಚಾಕುವೇ ಬೇಕಾಯಿತು ಎಂದು ನಮ್ಮ ಸ್ಟಾಫ್ ರೂಮಿನಲ್ಲಿ ನಕ್ಕಿದ್ದರಂತೆ. ಬದಲಿ ಉಪನ್ಯಾಸಕರು ಸಿಗಲಿಲ್ಲ. ಕೊನೆಯ ವರ್ಷದ ಜಾಣೆ ರೇವತಿ ಮೊದಲನೆಯ ವರ್ಷದವರಿಗೆ ನನ್ನ ಪಾಠ ಮಾಡಿದಳು. ವಿದ್ಯಾರ್ಥಿನಿ ಪಾಠ ಮಾಡಿದಳೆಂದು ದಾಖಲೆಯಲ್ಲಿ ಬರೆಯುವಂತಿಲ್ಲವಲ್ಲ. ಪ್ರತಿ ಶನಿವಾರ ಅವಳೇ ಹಾಜರಿ ಪುಸ್ತಕವನ್ನು ಎದೆಗವುಚಿಕೊಂಡು ನಮ್ಮ ಮನೆಗೆ ತರುತ್ತಿದ್ದಳು. ವಾರವಿಡೀ ಅವಳು ಮಾಡಿದ ಪಾಠಗಳ ಎದುರು ನಾನು ಕೆಂಪು ಶಾಯಿಯಲ್ಲಿ ಸಹಿ ಹಾಕುತ್ತಿದ್ದೆ. ಮಾತಾಡುವ ಹಾಗಿರಲಿಲ್ಲವಾದ್ದರಿಂದ ಥ್ಯಾಂಕ್ಸ್ ಕೂಡ ಹೇಳಲಿಲ್ಲ.

ಅವಳು ಊರು ಬಿಡುವ ಮೊದಲು ಪಾಠದ ಟಿಪ್ಪಣಿಗಳಿದ್ದ ಉದ್ದದ ನೋಟ್‌ಬುಕ್ಕೊಂದನ್ನು ನನ್ನ ಮೇಜಿನ ಮೇಲೆ ಇಟ್ಟು ಹೋದಳು. ಅದರಲ್ಲಿ ನಾನು ಹೇಳಿಕೊಡದ ಒಂದು ಪಾಠವಿತ್ತು. ಲೈಬ್ರರಿಯ ಧೂಳು ಹಿಡಿದ ಸಂಪುಟಗಳಿಂದ ಅವಳೇ ಹೆಕ್ಕಿದ್ದು. ಬೊಲೊನ್ಯಾದ ಕಾನೂನು ಪಂಡಿತನೊಬ್ಬ ತನಗೆ ಪುರುಸೊತ್ತಿಲ್ಲದ ದಿನ ಮಗಳನ್ನು ಪಾಠಕ್ಕೆ ಕಳಿಸುತ್ತಿದ್ದನಂತೆ. ಅವಳ ಚೆಲುವು ನೋಡಿ ಹುಡುಗರ ಗಮನ ಹೋದೀತೆಂದು ಎದುರಿಗೊಂದು ಪರದೆ ಕಟ್ಟುತ್ತಿದ್ದರಂತೆ. ಅದಕ್ಕೂ ಹಿಂದೆ ಇನ್ನೊಬ್ಬಳು ಗಂಡಸಿನ ಉಡುಪು ತೊಟ್ಟು ಕಾನೂನು ಬೋಧಿಸಿದಳಂತೆ, ಕೇಳುವವರು ಹೆಚ್ಚಿ ತರಗತಿ ಊರಿನ ಚೌಕಕ್ಕೆ ಬಂತಂತೆ. ಹೆಸರುಗಳು ಹಾಗಿರಲಿ, ನಾನು ಅವನ್ನು ಉಚ್ಚರಿಸಿದರೆ ಇಟಲಿಯವರು ಕೇಸು ಹಾಕಿಯಾರು. ನಿಜವೋ ದಂತಕಥೆಯೋ ಎಂದು ಬಲ್ಲವರು ಇನ್ನೂ ಜಗಳಾಡುತ್ತಿದ್ದಾರೆ. ನಾನಂತೂ ಮರುವರ್ಷದಿಂದ ಆ ಪಾಠವನ್ನು ನನ್ನದೇ ಎಂಬಂತೆ ಮಾಡತೊಡಗಿದೆ. ಮಕ್ಕಳು ಚಪ್ಪಾಳೆ ತಟ್ಟಿದರು. ಅರುವತ್ತು ಪುಟದ ಪುಸ್ತಕ ಬಂತು. ಮುನ್ನುಡಿಯಲ್ಲಿ ಪ್ರಿನ್ಸಿಪಾಲರಿಗೆ, ಪ್ರೆಸ್ಸಿನವರಿಗೆ, ಕಾಲೇಜಿನ ಜವಾನನಿಗೆ ಕೃತಜ್ಞತೆ ಹೇಳಿದೆ. ರೇವತಿಯ ಹೆಸರು ಬರಲಿಲ್ಲ. ಮರೆತೆನೆಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಮರೆತಿರಲಿಲ್ಲ.

ಹೀಗಾಗಿ ಸೂಟ್‌ಕೇಸಿನಲ್ಲಿ ಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಹೊಟ್ಟೆಯಲ್ಲಿ ಈ ಒಂದು ಮಾತು ಇಟ್ಟುಕೊಂಡು ವಿಮಾನ ಹತ್ತಿದೆ. ಶುಕ್ರವಾರದ ಕಾರ್ಯಕ್ರಮಕ್ಕೆ ಮುಂಚೆ ಹೇಗಾದರೂ ರೇವತಿಯ ಹತ್ತಿರ ಅದನ್ನು ಹೇಳಿ ಹಗುರಾಗಬೇಕೆಂದು ಲೆಕ್ಕ ಹಾಕಿದ್ದೆ. ಆರು ದಿನ ಇತ್ತು. ಒಂದು ವಾಕ್ಯಕ್ಕೆ ಆರು ದಿನ ಸಾಲದೇ?

ರೂವಿ, ಶನಿವಾರ

ರೇವತಿಯ ಮನೆ ಇರುವುದು ಮಸ್ಕತ್ತಿನ ರೂವಿ ಎಂಬ ಭಾಗದಲ್ಲಿ. ಮಸ್ಕತ್ ಎಂದರೆ ಮರಳು, ಒಂಟೆ ಎಂದುಕೊಂಡು ಇಳಿದವಳಿಗೆ ಮೊದಲು ಕಂಡದ್ದು ಸೀರೆ ಅಂಗಡಿ, ಚಿನ್ನದ ಅಂಗಡಿ, ದೋಸೆಯ ಹೋಟೆಲು. ಮೂರು ಅಂಗಡಿಗೊಬ್ಬರು ತುಳು ಮಾತಾಡುವವರು. ಬಟ್ಟಲಿನ ತಳದಲ್ಲಿ ಕೂತ ಹಾಗೆ ಊರು, ಸುತ್ತ ಬೋಳು ಬೆಟ್ಟ. ಒಂದು ಹುಲ್ಲುಕಡ್ಡಿ ಕಾಣಲಿ ಎಂದು ನಾನು ಕಣ್ಣು ಕಿರಿದು ಮಾಡಿ ನೋಡಿದೆ, ಕಾಣಲಿಲ್ಲ.

ಸಂಜೆ ಅವಳ ಮಗಳು ಅನ್ವಿತಾಳ ಜೊತೆ ನಡೆಯಲು ಹೊರಟೆ. ಹದಿನಾಲ್ಕರ ಹುಡುಗಿ. ನಾನು ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ, ಅಜ್ಜಿ ಎಂಬ ಒಂದು ಪದ ಮಾತ್ರ ಕನ್ನಡದ್ದು. ರಸ್ತೆ ದಾಟಬೇಕಿತ್ತು. ಬಿಳಿ ಪಟ್ಟಿಯ ಹತ್ತಿರ ನಿಂತು, ನಮ್ಮೂರಿನ ಅಭ್ಯಾಸದಂತೆ ವಾಹನಗಳು ಹೋಗಿ ಮುಗಿಯಲಿ ಎಂದು ಕಾದೆ. ಒಂದು ಕಾರು ಬಂದು ನಿಂತಿತು. ಅದು ಹೋಗಲಿ ಎಂದು ನಾನು ಕಾದೆ, ನಾನು ದಾಟಲಿ ಎಂದು ಅದು ಕಾಯಿತು. ಹೋಗಿ ಎಂದು ಕೈ ಮಾಡಿದೆ. ಒಳಗಿದ್ದವರೂ ಹೋಗಿ ಎಂದು ಕೈ ಮಾಡಿದರು. ಅದರ ಹಿಂದೆ ಎರಡು, ಮೂರು, ನಾಲ್ಕು ಕಾರು. ಒಂದಾದರೂ ಹಾರ್ನ್ ಹೊಡೆಯಬೇಕಲ್ಲ! ನನಗೋ ಇಷ್ಟು ಜನರ ಕೆಲಸ ಕೆಡಿಸುತ್ತಿದ್ದೇನೆಂಬ ಸಂಕೋಚ. ಇನ್ನಷ್ಟು ಗಟ್ಟಿಯಾಗಿ ನಿಂತುಬಿಟ್ಟೆ. ಕೊನೆಗೆ ಕಸೂತಿ ಟೊಪ್ಪಿಯ ಒಮಾನಿ ಯಜಮಾನರೊಬ್ಬರು ಗಾಜು ಇಳಿಸಿ, ಹಿಂದಿಯಲ್ಲಿ, "ಮಾಜೀ, ಜಾಯಿಯೇ, ಆರಾಮ್ ಸೇ," ಎಂದರು. ಅನ್ವಿತಾ ನನ್ನ ಕೈ ಹಿಡಿದು ಎಳೆದುಕೊಂಡು ಹೋದಳು.

ಇಷ್ಟು ಸಾಧು ಜನ ಎಂದು ಮೆಚ್ಚುವಷ್ಟರಲ್ಲಿ ಚಹಾದ ಅಂಗಡಿಯೊಂದರ ಮುಂದೆ ಒಂದೇ ಸಮನೆ ಹಾರ್ನ್. ಕಾರಿನಿಂದ ಇಳಿಯದೆಯೇ ಹಾರ್ನ್ ಹೊಡೆದರೆ ಅಂಗಡಿಯ ಮಲಯಾಳಿ ಓಡಿ ಬಂದು ಕಾಗದದ ಕಪ್ಪಿನಲ್ಲಿ ಚಹಾ ಕೊಟ್ಟು ಹೋಗುತ್ತಾನೆ. ನಮ್ಮಲ್ಲಿ ಹೋಟೆಲಿನ ಮುಂದೆ ಹಾಗೆ ಹಾರ್ನ್ ಹೊಡೆದರೆ ಗಲ್ಲೆಯಲ್ಲಿ ಕೂತ ಭಟ್ಟರು ಎದ್ದು ಬಂದು ಅವನ ಏಳು ತಲೆಮಾರನ್ನು ವಿಚಾರಿಸುತ್ತಿದ್ದರು. ಇಲ್ಲಿ ಯಾರಿಗೂ ಅದು ಒರಟೆನಿಸಿದ ಹಾಗಿರಲಿಲ್ಲ. ಒಂದೊಂದು ಊರಿಗೆ ಒಂದೊಂದು ಮರ್ಯಾದೆ.

ಮನೆಗೆ ಬಂದು ಕೂತಾಗ ಕಪಾಟಿನ ಮೇಲೆ ನನ್ನ ಪುಸ್ತಕ ಕಂಡಿತು. ಶಾಲೆಯ ಪುಸ್ತಕದ ಹಾಗೆ ಕಂದು ಕಾಗದದ ಬೈಂಡು, ಮೇಲೊಂದು ಲೇಬಲ್ಲು, ಲೇಬಲ್ಲಿನಲ್ಲಿ ರೇವತಿಯ ದುಂಡು ಅಕ್ಷರದಲ್ಲಿ ನನ್ನ ಹೆಸರು. ಅವಳು ಓದಿರಲಿಕ್ಕಿಲ್ಲ ಎಂಬ ಒಂದೇ ಧೈರ್ಯದಲ್ಲಿ ನಾನು ಬಂದಿದ್ದೆ.

"ಓದಿದ್ದೀಯಾ?" ಎಂದೆ.

"ಎಂತ ಕೇಳ್ತೀರಿ ಮೇಡಂ, ಬಾಯಿಪಾಠ ಉಂಟು," ಎಂದು ಅವಳು ನಕ್ಕಳು. "ನೀವು ಮೊದಲು ಊಟ ಮಾಡಿ. ಕುಚ್ಚಲಕ್ಕಿ ಗಂಜಿ ಉಂಟು, ನಿಮ್ಮ ಮಿಡಿ ತೆಗೀವ."

ಗಂಜಿ ಉಂಡೆ. ಮಾತು ಗಂಜಿಯ ಜೊತೆ ಒಳಗೆ ಹೋಯಿತು.

ರೂವಿ, ಭಾನುವಾರ

ಇಲ್ಲಿ ವಾರ ಶುರುವಾಗುವುದು ಭಾನುವಾರ. ನಾನು ಬೆಳಿಗ್ಗೆ ಎದ್ದು ರಜೆಯ ಮುಖ ಹಾಕಿಕೊಂಡು ಕೂತರೆ ರೇವತಿ ಸೀರೆಯುಟ್ಟು, ಟಿಫಿನ್ ಡಬ್ಬ ಹಿಡಿದು ಆಫೀಸಿಗೆ ಹೊರಟಿದ್ದಳು. ನಾನೂ ಹಿಂದೆ ಬಿದ್ದೆ.

ಅರ್ಜಿ, ದೂರು, ಕರಾರು ಪತ್ರಗಳನ್ನು ಬರೆದುಕೊಡುವ ಆಫೀಸು ಅದು. ರೇವತಿ ಕೂರುವುದು ಮಬ್ಬು ಗಾಜಿನ ಅಡ್ಡಗೋಡೆಯ ಹಿಂದೆ. ಗಾಜಿನಲ್ಲೊಂದು ಕಿಂಡಿ. ಕಿಂಡಿಯ ಬಳಿ ಬಂದವರು ತುಳುವಿನಲ್ಲಿ, ಹಿಂದಿಯಲ್ಲಿ, ಮಲಯಾಳದಲ್ಲಿ ತಮ್ಮ ಕಷ್ಟ ಹೇಳುತ್ತಾರೆ. ಇವಳು ಕೇಳಿ ಇಂಗ್ಲಿಷಿನಲ್ಲಿ ಬರೆಯುತ್ತಾಳೆ, ಪಕ್ಕದವರು ಅರಬ್ಬಿಗೆ ತಿರುಗಿಸುತ್ತಾರೆ. ನಾನಿದ್ದಾಗ ಬಂದವನು ಬೈಂದೂರು ಕಡೆಯ ಅಡುಗೆಯವನು. ತಾಯಿಗೆ ಹುಷಾರಿಲ್ಲ, ರಜೆಯ ಕಾಗದಕ್ಕೆ ಅವನ ಕಫೀಲ್ ಒಪ್ಪಬೇಕು. ಕಫೀಲ್ ಎಂದರೆ ಇಲ್ಲಿ ಕೆಲಸಕ್ಕೆ ಕರೆಸಿಕೊಂಡ, ಜವಾಬ್ದಾರಿ ಹೊತ್ತ ಯಜಮಾನ.

"ಅವರು ಒಳ್ಳೆಯವರೇ ಅಕ್ಕ. ನಂಗೆ ಹೇಳೂಕೆ ಬತ್ತಿಲ್ಲೆ, ಅಷ್ಟೆ," ಎಂದ ಅವನು.

"ಹೇಳುದು ನಾನು. ನೀವು ಅಳ್ಬೇಡಿ," ಎಂದಳು ರೇವತಿ. "ಅಮ್ಮನ ಹೆಸರು ಹೇಳಿ. ಹೆಸರು ಹಾಕಿದ್ರೆ ಓದುವವರಿಗೆ ಅಮ್ಮ ಕಾಣ್ತಾರೆ."

ಬರೆದು ಮುಗಿಸಿ ಅವನಿಗೇ ಅರ್ಥವಾಗುವ ಹಾಗೆ ಓದಿ ಹೇಳಿದಳು. ಕಾನೂನಿನ ಯಾವ ಅಂಶ ಎಲ್ಲಿ ಬರಬೇಕೋ ಅಲ್ಲಿತ್ತು, ಗದ್ದಲವಿರಲಿಲ್ಲ, ಬೇಡಿಕೊಳ್ಳುವ ದೀನತೆಯೂ ಇರಲಿಲ್ಲ. ನಾನು ನೋಡಿದ ವಕೀಲರಲ್ಲಿ ಮುಕ್ಕಾಲು ಪಾಲು ಜನಕ್ಕೆ ಹಾಗೆ ಬರೆಯಲು ಬರುವುದಿಲ್ಲ. ಅವನು ಗಾಜಿಗೇ ಕೈ ಮುಗಿದು ಹೋದ.

"ಸಹಿ ಯಾರದ್ದು?" ಎಂದು ಕೇಳಿದೆ.

"ಆಫೀಸಿಂದು. ನಂಗೆ ಪದವಿ ಇಲ್ಲ ಅಲ್ವಾ ಮೇಡಂ, ನಾನು ಸಹಿ ಹಾಕ್ಲಿಕ್ಕಿಲ್ಲ." ಇಂದು ಬಿಸಿಲು ಜಾಸ್ತಿ ಎನ್ನುವ ಹಾಗೆ ಹೇಳಿದಳು.

ನನಗೆ ಕೆಂಪು ಶಾಯಿಯ ನೆನಪಾಯಿತು. ಈಗಲೇ ಹೇಳಿಬಿಡೋಣ ಎಂದು, "ರೇವತಿ, ಆ ಪುಸ್ತಕ ಇದೆಯಲ್ಲ..." ಎಂದು ಶುರು ಮಾಡಿದೆ. ಅಷ್ಟರಲ್ಲಿ ಕಿಂಡಿಯಲ್ಲಿ ಇನ್ನೊಂದು ಮುಖ ಬಂತು. ಮಧ್ಯಾಹ್ನದವರೆಗೂ ಮುಖಗಳು ಬರುತ್ತಲೇ ಇದ್ದವು. ನಾನು ಮೂಲೆಯ ಕುರ್ಚಿಯಲ್ಲಿ ಅವಳ ಟಿಫಿನ್ ಡಬ್ಬ ಕಾಯುತ್ತ ಕೂತೆ.

ಖಸಬ್, ಮಂಗಳವಾರ

ಶಾಲೆಗೆ ಚಳಿಗಾಲದ ರಜೆ. ರೇವತಿ ಎರಡು ದಿನ ರಜೆ ಹಾಕಿ ಮಗಳನ್ನೂ ನನ್ನನ್ನೂ ಖಸಬ್‌ಗೆ ಕರೆದುಕೊಂಡು ಹೋದಳು. ಒಮಾನಿನ ಉತ್ತರದ ತುದಿ ಅದು, ಸಣ್ಣ ವಿಮಾನದಲ್ಲಿ ಒಂದು ಗಂಟೆಯ ದಾರಿ. ಸಮುದ್ರ ಬೆಟ್ಟಗಳ ನಡುವೆ ಬೆರಳು ತೂರಿಸಿದ ಹಾಗೆ ಒಳನುಗ್ಗಿದೆ. ಮಲ್ಪೆಯ ಸಮುದ್ರ ಕಂಡವಳಿಗೆ ಇಲ್ಲಿಯ ನೀರಿನ ಮೌನ ನಂಬಿಕೆಗೇ ಬರಲಿಲ್ಲ. ಅಲೆ ಇಲ್ಲ, ಸದ್ದಿಲ್ಲ, ಮೀನಿನ ವಾಸನೆಯೂ ಕಡಿಮೆ. ಇದು ಸಮುದ್ರವೋ ದೇವಸ್ಥಾನದ ಕೆರೆಯೋ ಎಂದೆ.

ಮರದ ದೋಣಿಯಲ್ಲಿ ಜಮಖಾನೆ ಹಾಸಿ ದಿಂಬು ಇಟ್ಟಿದ್ದರು. ದೋಣಿಯ ಯಜಮಾನರಿಗೆ ನನ್ನದೇ ವಯಸ್ಸು. ಮುಂಬಯಿಗೆ ಹೋಗಿ ಬಂದು ಮಾಡಿ ಹಿಂದಿ ಕಲಿತವರು. ಡಾಲ್ಫಿನ್ ಬರಬೇಕಾದರೆ ಸಿಳ್ಳೆ ಹೊಡೆಯಬೇಕು, ಚಪ್ಪಾಳೆ ತಟ್ಟಬೇಕು ಎಂದರು. ದೋಣಿಯಲ್ಲಿದ್ದವರೆಲ್ಲ ಸಿಳ್ಳೆ ಹೊಡೆದರು. ಮೂವತ್ತು ವರ್ಷಕಾಲ ಕೊನೆಯ ಬೆಂಚಿನ ಸಿಳ್ಳೆಗಳನ್ನು ಅಡಗಿಸಿದವಳು ನಾನು, ಮೀನಿಗಾಗಿ ಸಿಳ್ಳೆ ಹೊಡೆಯಲಾರೆ ಎಂದೆ. ಡಾಲ್ಫಿನ್ ಮೀನಲ್ಲ ಎಂದು ಅನ್ವಿತಾ ಇಂಗ್ಲಿಷಿನಲ್ಲಿ ತಿದ್ದಿದಳು. ಅವು ಬಂದವು ಕೂಡ. ಬಂದು, ಮಗ್ಗುಲಲ್ಲೇ ಬೆನ್ನು ತೋರಿಸಿ ಮುಳುಗಿದಾಗ ನನ್ನ ಬಾಯಿಂದ ಹೊರಟದ್ದು ಸಿಳ್ಳೆಯೇ ಎಂದು ತಾಯಿ ಮಗಳು ಇಂದಿಗೂ ಸಾಧಿಸುತ್ತಾರೆ.

ಯಜಮಾನರು ಖರ್ಜೂರ ಕೊಟ್ಟರು. ಆಮೇಲೆ ಏಲಕ್ಕಿಯ ಘಮದ, ಹಾಲಿಲ್ಲದ ಕಾಫಿಯನ್ನು ಹಿಡಿಯಿಲ್ಲದ ಪುಟ್ಟ ಬಟ್ಟಲಿಗೆ ಬಗ್ಗಿಸಿದರು. ಎರಡು ಗುಟುಕಿಗೆ ಮುಗಿಯಿತು. ಮತ್ತೆ ಬಗ್ಗಿಸಿದರು. ಅನ್ವಿತಾಳ ಕೈಯಲ್ಲಿ ನನ್ನ ಪುಸ್ತಕವಿತ್ತು. ಅವಳಿಗೆ ಕನ್ನಡ ಓದುವುದು ಕಷ್ಟ, ಅಮ್ಮ ದಿನಕ್ಕೊಂದು ಪುಟ ಓದಿಸುತ್ತಿದ್ದಳಂತೆ. ಬೆರಳಿಟ್ಟು ಓದಿದಳು. ಯಾವ ಸೆಮಿನಾರಿಗೆ ಹೋದರೂ ಜನ ಎತ್ತಿ ಹೇಳುವ ನನ್ನ ಹೆಸರುವಾಸಿ ವಾಕ್ಯ ಅದು.

"ತರಗತಿಯ ಮುಂದೆ ಎಡತುದಿ ಜೋತುಬಿದ್ದ ಹಸಿರು ಪರದೆ. ಅದರ ಹಿಂದಿನಿಂದ ಒಂದು ಸ್ವರ." ತಲೆಯೆತ್ತಿ ಕೇಳಿದಳು: "ಅಜ್ಜಿ, ವೈ ಗ್ರೀನ್? ಹೂ ಟೋಲ್ಡ್ ಯೂ?"

"ಹಳೆಯ ಗ್ರಂಥಗಳಲ್ಲಿ ಇದೆ ಮಗಾ," ಎಂದೆ. ಎಲ್ಲ ಮೇಷ್ಟ್ರುಗಳೂ ಹೇಳುವ ಉತ್ತರ.

ರೇವತಿ ನೀರಿನ ಕಡೆ ನೋಡುತ್ತಿದ್ದಳು. ಅತ್ತ ತಿರುಗಿಯೇ ಮೆಲ್ಲಗೆ ಹೇಳಿದಳು. "ಇಲ್ಲ ಮೇಡಂ. ಪರದೆ ಉಂಟು ಪುಸ್ತಕದಲ್ಲಿ. ಬಣ್ಣ ಯಾವ ಪುಸ್ತಕದಲ್ಲಿಯೂ ಇಲ್ಲ."

"ಮತ್ತೆ?"

"ಅದು ನಮ್ಮ ಕಾಲೇಜಿನ ಲೇಡೀಸ್ ರೂಮಿಂದು. ಹಸಿರು ಕರ್ಟನ್ ಇತ್ತಲ್ಲ, ಎಡಗಡೆ ರಿಂಗ್ ಹೋಗಿ ನೇತಾಡ್ತಾ ಇತ್ತು. ನೀವು ಗಮನಿಸಿರ್ಲಿಕ್ಕಿಲ್ಲ, ನಿಮ್ಮದು ಸ್ಟಾಫ್ ರೂಮ್ ಅಲ್ವಾ. ಮೊದಲ ದಿನ ಕ್ಲಾಸಿನಲ್ಲಿ ಹುಡುಗ್ರು ನನ್ನನ್ನು ಮಾತಾಡ್ಲಿಕ್ಕೇ ಬಿಡಲಿಲ್ಲ. ಎರಡನೇ ದಿನವೂ ಇಲ್ಲ. ಮೂರನೇ ದಿನ ಈ ಕಥೆ ಹೇಳಿದೆ. ಎಂಥ ಪರದೆ ಅಂತ ಒಬ್ಬ ಕಿಚಾಯಿಸಿದ. ಅಗೋ ಕಿಟಕಿಯಾಚೆ ಕಾಣ್ತದಲ್ಲ, ಅಂಥದ್ದೇ, ಹಸಿರು, ಎಡತುದಿ ಜೋತುಬಿದ್ದದ್ದು ಅಂತ ಬಾಯಿಗೆ ಬಂದದ್ದು ಹೇಳಿದೆ. ಎಲ್ಲರೂ ತಿರುಗಿ ಅದನ್ನೇ ನೋಡಿದ್ರು. ಆಮೇಲೆ ಒಬ್ಬನೂ ಉಸಿರೆತ್ತಲಿಲ್ಲ. ನೋಟ್‌ಬುಕ್ಕಿನಲ್ಲೂ ಹಾಗೇ ಬರೆದೆ."

ನಾನು ಬಟ್ಟಲು ಕೈಯಲ್ಲಿ ಹಿಡಿದು ಕೂತಿದ್ದೆ. ಇಪ್ಪತ್ತು ವರ್ಷ ಸೆಮಿನಾರುಗಳಲ್ಲಿ, ವಿದ್ವಾಂಸರ ಎದುರಿನಲ್ಲಿ, ಅಚ್ಚಿನಲ್ಲಿ ನಾನು ಇಟಲಿಯದೆಂದು ವರ್ಣಿಸಿದ್ದು ನಮ್ಮದೇ ಕಾಲೇಜಿನ ಹರಿದ ಕರ್ಟನ್. ಒಬ್ಬರೂ ಕೇಳಲಿಲ್ಲ, ಕೇಳಿದವಳು ಈ ಹುಡುಗಿ. ಕದ್ದವಳಿಗೆ ಕದ್ದ ಮಾಲು ಯಾವುದೆಂದೂ ಗೊತ್ತಿರಲಿಲ್ಲ.

"ನಿನಗೆ ಸಿಟ್ಟು ಬರಲಿಲ್ಲವಾ ರೇವತಿ?" ಎಂದೆ. ಯಜಮಾನರು ಮತ್ತೆ ಕಾಫಿ ಬಗ್ಗಿಸಿದರು.

"ಬಂತು. ಬರದೆ? ಗೆಳತಿ ಪುಸ್ತಕ ಕಳಿಸಿದಾಗ ಮೊದಲು ನೋಡಿದ್ದೇ ಮುನ್ನುಡಿ. ಒಂದು ವರ್ಷ ಅದನ್ನು ಅಕ್ಕಿಯ ಡಬ್ಬದ ಹಿಂದೆ ಇಟ್ಟಿದ್ದೆ, ಕಣ್ಣಿಗೆ ಕಾಣ್ಬಾರದು ಅಂತ. ಮತ್ತೆ ಒಂದು ದಿನ ಕೂತು ಓದಿದೆ. ಎಡತುದಿ ಜೋತುಬಿದ್ದ ಅಂತ ಬಂತು ನೋಡಿ, ನಂಗೆ ನಗು ತಡೀಲಿಕ್ಕೆ ಆಗ್ಲಿಲ್ಲ. ಆ ಕರ್ಟನ್ ಪ್ರಿಂಟ್ ಆಗಿದೆ! ಅದರ ಹಿಂದೆ ನಾನೇ ನಿಂತ ಹಾಗಾಯ್ತು ಮೇಡಂ. ಹೆಸರಿಲ್ಲ, ಆದ್ರೆ ನಾನು ಉಂಟು."

"ನಾನು ತಪ್ಪು ಮಾಡಿದೆ ಮಗಾ," ಎಂದೆ. ಇಷ್ಟು ದಿನ ತಾಲೀಮು ಮಾಡಿದ ವಾಕ್ಯ ಅದಲ್ಲ. ಅದರಲ್ಲಿ ಸಂದರ್ಭ, ಅನಾರೋಗ್ಯ, ಅಚ್ಚಿನವರ ಅವಸರ ಎಲ್ಲ ಇತ್ತು. ಬಾಯಿಗೆ ಬಂದದ್ದು ಇಷ್ಟೇ. ಕಣ್ಣೀರು ಬಂತು. ಯಜಮಾನರು ಕರುಣೆಯಿಂದ ನೋಡಿ ಇನ್ನೊಂದು ಬಟ್ಟಲು ತುಂಬಿಸಿದರು.

"ಹಾಗಾದರೆ ನನ್ನನ್ನು ಇಲ್ಲಿಗೆ ಯಾಕೆ ಕರೆಸಿದೆ?"

ಅವಳು ಮಗಳ ಕೈಯಿಂದ ಪುಸ್ತಕ ತೆಗೆದುಕೊಂಡಳು. "ನೀವು ಆ ಪಾಠ ಮಾಡಿದ್ದನ್ನು ನಾನು ಕೇಳಿಯೇ ಇಲ್ಲ. ನಾನು ಊರು ಬಿಡುವಾಗ ನಿಮ್ಮ ಸ್ವರ ಸರಿಯಾಗಿರಲಿಲ್ಲ. ನನ್ನ ಮಾತು ನಿಮ್ಮ ಬಾಯಲ್ಲಿ ಹೇಗೆ ಕೇಳ್ತದೆ ಅಂತ ಒಂದು ಆಸೆ, ಅಷ್ಟೆ."

ಬೈದಿದ್ದರೆ ಸಮಾಧಾನವಾಗುತ್ತಿತ್ತು. ನಾನು ಬಟ್ಟಲು ಬರಿದು ಮಾಡಿದೆ, ಅದು ಮತ್ತೆ ತುಂಬಿತು. ಎಂಟನೆಯದೋ ಒಂಬತ್ತನೆಯದೋ. ಎದೆ ಡವಗುಟ್ಟುತ್ತಿದ್ದದ್ದು ಪಶ್ಚಾತ್ತಾಪಕ್ಕೋ ಕಾಫಿಗೋ ತಿಳಿಯದಾಯಿತು. ಸಾಕು ಸಾಕು ಎಂದು ನಾನು ಹೇಳುತ್ತಲೇ ಇದ್ದೆ. ನಮ್ಮ ಕಡೆ ಸಾಕು ಎಂದರೆ ಇನ್ನೊಂದು ಸೌಟು ಬಡಿಸಿ ಎಂದರ್ಥ, ಇಲ್ಲಿಯೂ ಹಾಗೆಯೇ ಇರಬೇಕೆಂದುಕೊಂಡೆ. ಕೊನೆಗೆ ಅನ್ವಿತಾ ನನ್ನ ಮಣಿಕಟ್ಟು ಹಿಡಿದು ಖಾಲಿ ಬಟ್ಟಲನ್ನು ಮೆಲ್ಲಗೆ ಆಚೀಚೆ ಅಲ್ಲಾಡಿಸಿದಳು. ಯಜಮಾನರು ತಕ್ಷಣ ಬಟ್ಟಲು ತೆಗೆದುಕೊಂಡು, ಎದೆಯ ಮೇಲೆ ಕೈಯಿಟ್ಟು ತಲೆ ಬಾಗಿಸಿದರು. ಬಾಯಲ್ಲಿ ಎಷ್ಟು ಹೇಳಿದರೂ ಇಲ್ಲಿ ಆಗುವುದಿಲ್ಲ, ಕೈಯಿಂದ ಮಾಡಿ ತೋರಿಸಬೇಕಂತೆ.

ರೂವಿ, ಗುರುವಾರ

ರೇವತಿಯ ಗಂಡ ಸದಾನಂದ ಕೆಲಸ ಮಾಡುವುದು ದುಕ್ಮ್‌ನಲ್ಲಿ. ಬಹಳ ದೂರದ ಹೊಸ ಬಂದರು ಅದು. ವಾರವಿಡೀ ಅಲ್ಲಿಯ ಕ್ಯಾಂಪಿನಲ್ಲಿದ್ದು ಗುರುವಾರ ಸಂಜೆ ಕಂಪೆನಿ ಬಸ್ಸಿನಲ್ಲಿ ಮನೆಗೆ ಬರುತ್ತಾನೆ. ಬಂದವನು ಚೀಲ ಇಳಿಸುವ ಮೊದಲೇ, "ಎಂಚ ಉಲ್ಲರ್ ಮೇಡಂ? ಕುಲ್ಲುಲೆ, ಕುಲ್ಲುಲೆ," ಎಂದು ಚೆನ್ನಾಗಿದ್ದೀರಾ, ಕೂತುಕೊಳ್ಳಿ ಎಂದು ತುಳುವಿನಲ್ಲಿ ಉಪಚರಿಸಿದ. ನಾನು ಮೊದಲೇ ಕೂತಿದ್ದೆ.

"ನಾಳೆ ಆ ಹಸಿರು ಪರದೆದು ಅಲ್ವಾ?" ಎಂದ. "ನಮ್ಮ ಕ್ಯಾಂಪಿನಲ್ಲಿ ಅದು ಗೊತ್ತಿಲ್ಲದವರಿಲ್ಲ ಮೇಡಂ. ಕರೆಂಟ್ ಹೋದ ಒಂದು ದಿನ ನಾನೇ ಹೇಳಿದ್ದು. ಈಗ ಬಿಹಾರದವರೂ ಕೇಳ್ತಾರೆ, ಭಾಭಿಯ ಇನ್ನೊಂದು ಕಥೆ ಹೇಳಿ ಅಂತ."

"ಯಾರ ಕಥೆ ಅಂತ ಹೇಳಿದ್ದೀರಿ?"

ಅವನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಇವಳದ್ದೇ. ಮತ್ತೆ ಯಾರದ್ದು?"

ರೇವತಿ ಒಳಗಿನಿಂದ, "ನೀವು ಸುಮ್ಮನಿರಿ ಮಾರಾಯ್ರೆ," ಎಂದು ಗದರಿದಳು. ನಾನು ಮೇಜಿನ ಮೇಲಿದ್ದ ಆಮಂತ್ರಣ ಪತ್ರಿಕೆ ತೆಗೆದು ನೋಡಿದೆ. ಪ್ರಾರ್ಥನೆ, ಸ್ವಾಗತ, ದೀಪ ಬೆಳಗುವುದು. ಉಪನ್ಯಾಸದ ಎದುರು ನನ್ನ ಹೆಸರು, ದಪ್ಪಕ್ಷರದಲ್ಲಿ. ಕೊನೆಯ ಸಾಲಿನಲ್ಲಿ, ವಂದನಾರ್ಪಣೆ: ಶ್ರೀಮತಿ ರೇವತಿ. ಹನ್ನೆರಡು ವರ್ಷದಿಂದ ಪ್ರತಿ ಕಾರ್ಯಕ್ರಮದಲ್ಲೂ ವಂದನಾರ್ಪಣೆ ಇವಳದ್ದೇ ಎಂದ ಸದಾನಂದ. ಜನ ಕುರ್ಚಿ ಸರಿಸಿ ಊಟದ ಕಡೆ ನಡೆಯುವಾಗ ಮೈಕಿನಲ್ಲಿ ಕೇಳುವ ಸ್ವರ ಅದು. ಖಸಬ್‌ನ ದೋಣಿಯಲ್ಲಿ ನಾನು ಹೇಳಿದ್ದು ನೀರಿಗೂ ಡಾಲ್ಫಿನ್ನಿಗೂ ಮಾತ್ರ ಕೇಳಿಸಿತ್ತು. ಪುಸ್ತಕವನ್ನೋ ಊರೆಲ್ಲ ಓದಿದೆ.

ರೂವಿ, ಶುಕ್ರವಾರ

ಸಭಾಂಗಣದಲ್ಲಿ ನೂರರಷ್ಟು ಜನ. ಮಂಗಳೂರು, ಮೈಸೂರು, ಬೆಂಗಳೂರು ಎಲ್ಲ ಕಡೆಯ ಕನ್ನಡ ಒಟ್ಟಿಗೆ ಕೇಳುತ್ತಿತ್ತು. ಹಿಂದಿನಿಂದ ಸಾಂಬಾರಿನ ಘಮ. ಸ್ವಾಗತ ಮಾಡಿದವರು ನನ್ನನ್ನು ಹೊಗಳಿದ ಹೊಗಳಿಕೆಗೆ ನಾನು ಸೀರೆಯ ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುವುದೊಂದು ಬಾಕಿ. ಆ ಪ್ರಸಿದ್ಧ ವಾಕ್ಯವನ್ನೂ ಎತ್ತಿ ಹೇಳಿದರು. ಅನ್ವಿತಾ ಮೊದಲನೆಯ ಸಾಲಿನಲ್ಲಿ ಕೂತು ನನ್ನನ್ನೇ ನೋಡುತ್ತಿದ್ದಳು.

ಮೈಕಿನ ಮುಂದೆ ನಿಂತೆ.

"ಈ ಪಾಠ ನನ್ನದಲ್ಲ," ಎಂದೆ. "ನನಗೆ ಮಾತು ಹೋಗಿದ್ದ ಕಾಲದಲ್ಲಿ ಇದನ್ನು ಹುಡುಕಿ, ಕಟ್ಟಿ, ಮೊದಲು ಹೇಳಿದವಳು ನನ್ನ ವಿದ್ಯಾರ್ಥಿನಿ ರೇವತಿ. ಹಾಜರಿ ಪುಸ್ತಕದಲ್ಲಿ ನಾನು ಸಹಿ ಹಾಕಿದೆ, ಆಮೇಲೆ ಪುಸ್ತಕದ ಮೇಲೂ ಹಾಕಿದೆ. ಪುಸ್ತಕ ಮತ್ತೆ ಅಚ್ಚಾದರೆ ಅವಳ ಹೆಸರಿನಲ್ಲಿ ಆಗುತ್ತದೆ. ಇವತ್ತು ಪಾಠ ಅವಳದ್ದು. ಆಮಂತ್ರಣದಲ್ಲಿ ಎರಡು ಹೆಸರು ಅದಲು ಬದಲಾಗಿದೆ, ತಿದ್ದಿಕೊಳ್ಳಿ. ವಂದನಾರ್ಪಣೆ ನಾನು ಮಾಡುತ್ತೇನೆ."

ರೇವತಿ ಊಟದ ತಟ್ಟೆಗಳ ಹತ್ತಿರ ನಿಂತಿದ್ದಳು. ಬೇಡ ಎಂದು ಅಲ್ಲಿಂದಲೇ ಕೈ ಆಡಿಸಿದಳು. "ಎಂತ ಮೇಡಂ ನೀವು, ನಂಗೆ ತಯಾರಿ ಇಲ್ಲ!"

"ಬಾಯಿಪಾಠ ಉಂಟು ಅಂದಿದ್ದೆಯಲ್ಲ?" ಎಂದೆ.

ಜನ ನಕ್ಕರು. ಸದಾನಂದ ಅವಳ ಕೈಯಿಂದ ತಟ್ಟೆಗಳನ್ನು ತೆಗೆದುಕೊಂಡ. ಅವಳು ಸೆರಗು ಸರಿಮಾಡಿಕೊಂಡು, ಎಲ್ಲಿಗೋ ತಪ್ಪಿ ಬಂದವಳ ಹಾಗೆ ವೇದಿಕೆ ಹತ್ತಿದಳು. ನಾನು ಇಳಿದು ಅನ್ವಿತಾಳ ಪಕ್ಕ ಕೂತೆ. ಅವಳು ನನ್ನ ಕೈ ಹಿಡಿದುಕೊಂಡಳು. ರಸ್ತೆ ದಾಟಿಸಿದ ದಿನದಷ್ಟೇ ಬಿಗಿಯಾಗಿ.

ರೇವತಿ ಮೊದಲೆರಡು ವಾಕ್ಯ ತಡವರಿಸಿದಳು. ಆಮೇಲೆ ಬೊಲೊನ್ಯಾ ಬಂತು, ಗಂಡುಡುಗೆಯವಳು ಬಂದಳು, ಚೌಕದಲ್ಲಿ ಜನ ಸೇರಿದರು. ಪರದೆ ಬಂತು.

"ಚೆಲುವಿಗಾಗಿ ಪರದೆ ಕಟ್ಟಿದ್ದು ಅಂತಾರೆ," ಎಂದಳು. "ಆಗ ನಾನೂ ಹಾಗೇ ನಂಬಿದ್ದೆ. ಈಗ ಇಷ್ಟು ವರ್ಷ ಗಾಜಿನ ಹಿಂದೆ ಕೂತ ಮೇಲೆ ಬೇರೆ ಅನ್ನಿಸ್ತದೆ. ಪರದೆ ಇದ್ರೆ ಪಾಠ ಅಪ್ಪನದ್ದೇ ಆಗಿ ಉಳೀತದೆ. ಆದ್ರೆ ಆ ಅಪ್ಪನನ್ನು ನಾನು ಬೈಯ್ಯುದಿಲ್ಲ. ಮಗಳಿಗೆ ಕಲಿಸಿದವನೂ ಅವನೇ ಅಲ್ವಾ? ಕಲಿಸದೇ ಇದ್ರೆ ಪರದೆಯ ಹಿಂದೆ ನಿಲ್ಲಿಕ್ಕೂ ಆಗ್ತಿರಲಿಲ್ಲ." ಹೇಳುತ್ತ ಅವಳು ನನ್ನ ಕಡೆ ನೋಡಲಿಲ್ಲ. ನೋಡದಿದ್ದದ್ದು ಒಳ್ಳೆಯದಾಯಿತು, ನನ್ನ ಮುಖ ನೋಡುವ ಹಾಗಿರಲಿಲ್ಲ. ಅವಳ ಮಾತು ನನ್ನ ಬಾಯಲ್ಲಿ ಹೇಗೆ ಕೇಳುತ್ತದೆಂದು ಅವಳಿಗೆ ಆಸೆಯಿತ್ತು. ಅವಳದೇ ಬಾಯಲ್ಲಿ ಹೇಗೆ ಕೇಳುತ್ತದೆಂದು ನನಗೆ ಅಂದು ಗೊತ್ತಾಯಿತು. ನನಗಿಂತ ಚೆನ್ನಾಗಿ ಕೇಳುತ್ತಿತ್ತು.

ಮುಗಿದ ಮೇಲೆ ಮೈಸೂರಿನ ಕಡೆಯ ಹಿರಿಯರೊಬ್ಬರು ಎದ್ದರು. "ತುಂಬ ಚೆನ್ನಾಗಿತ್ತು ಕಣಮ್ಮ. ಆದ್ರೆ ಪುಸ್ತಕದಲ್ಲಿ ಪರದೆ ಹಸಿರು ಅಂತಿದೆ, ನೀವು ಬಣ್ಣಾನೇ ಹೇಳ್ಲಿಲ್ವಲ್ಲ?"

ರೇವತಿ ಮೈಕನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು, ಹಿಂದೆ ಹಾಜರಿ ಪುಸ್ತಕ ಹಿಡಿದುಕೊಳ್ಳುತ್ತಿದ್ದ ಹಾಗೆ.

"ಅದರ ಬಣ್ಣ ಯಾರಿಗೂ ಗೊತ್ತಿಲ್ಲ ಸಾರ್. ಯಾರೂ ಬರೆದಿಡಲಿಲ್ಲ," ಎಂದಳು. "ಹಸಿರು ಅಂತ ಹೇಳಿದ್ದು ನಾನು."

ಊಟದ ಕಡೆ ಆಗಲೇ ಕುರ್ಚಿಗಳು ಸರಿಯತೊಡಗಿದ್ದವು. ನಾನು ವಂದನಾರ್ಪಣೆಗೆ ಎದ್ದೆ. ಬಳಗದವರು ಇಪ್ಪತ್ತೆರಡು ಹೆಸರುಗಳ ಚೀಟಿ ಕೈಗಿಟ್ಟರು, ಅದನ್ನು ಮಡಚಿ ಸೆರಗಿನೊಳಗೆ ಇಟ್ಟುಕೊಂಡೆ. ಅವರೆಲ್ಲ ನನ್ನನ್ನು ಕ್ಷಮಿಸಲಿ. ಅಂದು ನಾನು ಒಂದೇ ಹೆಸರು ಹೇಳಿದೆ.